ಮೇಲ್ಮನೆ ಮಾಮಿಯ ಕುಂಬಳದ ಬಳ್ಳಿ

ನಮ್ಮನೆಗೆ ಮೊಮ್ಮಗಳು ಬಂದಳು! ಇವತ್ತು ಬೆಳಗ್ಗೆ ಸೊಸೆ ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಆರತಿ ಎತ್ತುವಾಗ ತಟ್ಟೆ ವಾಲಿ ಕೆಂಪು ನೀರೆಲ್ಲ ಮಗನ ಪ್ಯಾಂಟಿನ ಮೇಲೆ ಚೆಲ್ಲಿತು. ಚೆಲ್ಲಲಿ ಬಿಡಿ! ನಾನು ಓದಿದ್ದು ನಾಲ್ಕನೇ ಕ್ಲಾಸು, ಈ ಸಂತೋಷ ಬರೆಯಲು ನನಗೆ ಗೊತ್ತಿರುವ ಅಕ್ಷರ ಸಾಲದು. ಕೂಸಿನ ಮೂಗು ನಮ್ಮ ಯಜಮಾನರದು, ಹಟವೂ ಅವರದೇ.

ಮಧ್ಯಾಹ್ನ ಕೂಸಿನ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಹೊಸದಾಗಿ ಬಂದ ಬಾಡಿಗೆಯವರು ಕುಂಡಗಳಿಗೆ ಹಾಕಲು ಬೇವಿನ ಹಿಂಡಿಯ ಚೀಲ ಬಿಚ್ಚಿಟ್ಟಿದ್ದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ನಿಂತೆ. ಮೇಲ್ಮನೆ ಮಾಮಿಯ ಸೀರೆಯ ಸೆರಗಲ್ಲಿ ಯಾವಾಗಲೂ ಇದೇ ವಾಸನೆ...

ನಾವು ಮಂಡ್ಯದ ಕಡೆಯಿಂದ ಚೆನ್ನೈನ ವೆಸ್ಟ್ ಮಾಂಬಲಂನ ಈ ಕಟ್ಟಡಕ್ಕೆ ಬಂದಾಗ ಮೂರನೇ ಮಹಡಿಯಲ್ಲಿ ಮಾಮಿ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಮಾತು ಕನ್ನಡವೇ, ಆದರೆ ಅಜ್ಜನ ಕಾಲದಿಂದ ಇಲ್ಲಿಯೇ ಇದ್ದು ಅರ್ಧ ತಮಿಳಾಗಿತ್ತು. ಎಂಟು ಮನೆಗೂ ಸೇರಿದ ತಾರಸಿಯಲ್ಲಿ ಪೇಂಟಿನ ಹಳೇ ಬಕೆಟ್ಟು, ಒಡೆದ ಟಬ್ಬು, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಬದನೆ, ಬೆಂಡೆ, ಸೊಪ್ಪು ಬೆಳೆಯುತ್ತಿದ್ದರು. ಎಂಟು ಮನೆಯ ಅಕ್ಕಿ ತೊಳೆದ ನೀರು ಅವರ ಗಿಡಕ್ಕೆ, ಅವರ ಕಾಯಿ ಎಂಟು ಮನೆಯ ಸಾರಿಗೆ. ನಮ್ಮ ಯಜಮಾನರನ್ನು ಕಂಡರೆ ಬಿಡುತ್ತಿರಲಿಲ್ಲ.

"ಪೇಪರ್ ಓದೋಕೆ ಮಾತ್ರ ಮೇಲೆ ಬರ್ತಾರೆ ಪಾರುಂಗೊ, ನೋಡಿ, ಗಿಡಕ್ಕೆ ಒಂದು ಚೊಂಬು ತಣ್ಣಿ ಹಾಕಲ್ಲ!"

ನೀರಿನ ಟ್ಯಾಂಕಿಗೆ ಒಂದು ಕುಂಬಳದ ಬಳ್ಳಿ ಹಬ್ಬಿಸಿದ್ದರು. ಅಷ್ಟೆತ್ತರಕ್ಕೆ ಜೇನು ಬರುವುದಿಲ್ಲವೆಂದು ಬೆಳಗ್ಗೆ ಆರಕ್ಕೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾವೇ ಮುಟ್ಟಿಸುತ್ತಿದ್ದರು. "ಮಾಪಿಳ್ಳೈ ನಡೆದು ಬರ್ತಾನಾ? ನಾವೇ ಕರ್ಕೊಂಡ್ ಬರಬೇಕು ಮಾ" ಎಂದು ಹೂವನ್ನೇ ಮದುಮಗ ಮಾಡಿ ನಗುತ್ತಿದ್ದರು.

ಮೂರು ವರ್ಷದ ಹಿಂದೆ ಸೊಸೆ ಮೊದಲ ಸಲ ಬಸುರಿ, ಐದು ತಿಂಗಳು. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲು. ಬಳ್ಳಿಯ ಮೊದಲ ಎರಡು ಹೀಚು ಕಪ್ಪಾಗಿ ಉದುರಿದವು. ನನಗೆ ಆಗಲೇ ಅದು ಅಪಶಕುನ ಅನ್ನಿಸಿತ್ತು. ಮೂರನೆಯದು ನಿಂತಿತು. ಮಾಮಿ ಅದಕ್ಕೆ ಹಳೇ ಬಟ್ಟೆ ಹೊದಿಸಿ ಹೇಳಿದರು: "ಇದು ನಿಮ್ಮ ಸೊಸೆಗೆ. ಬಸುರಿ ತಿಂದ್ರೆ ಬಳ್ಳಿಗೂ ಒಳ್ಳೇದು."

ನಮ್ಮಲ್ಲಿ ಇಡೀ ಕುಂಬಳಕ್ಕೆ ಮೊದಲ ಏಟು ಗಂಡಸೇ ಹಾಕಬೇಕು. ಬಸುರಿಯಂತೂ ಕತ್ತಿ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಹೊಟ್ಟೆಯ ಕೂಸಿಗೆ ಕೇಡು. ಮಾಮಿಗೂ ಅದು ಗೊತ್ತಿತ್ತು. ಆದರೆ ಅವತ್ತು ನಾನೂ ಯಜಮಾನರೂ ಮಾರ್ಕೆಟ್ಟಿಗೆ ಹೋಗಿದ್ದೆವು, ಸೊಸೆ ಮಲಗಿದ್ದಳು. ಮಾಮಿ ಕಾಯನ್ನು ಬಾಗಿಲಲ್ಲಿಟ್ಟು ಹೋಗಿದ್ದಾರೆ. ಎದ್ದ ಸೊಸೆ ಸಾರಿಗೆಂದು ಕೊಯ್ದಿದ್ದಾಳೆ. ನಾನು ಬಂದಾಗ ಕಾಯಿ ಎರಡು ಹೋಳಾಗಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಅವಳ ಕೈಯಲ್ಲಿ ಚಾಕು. ಅವತ್ತಿನಿಂದ ಮನಸ್ಸಲ್ಲೇ ದಿನ ಎಣಿಸತೊಡಗಿದೆ...

ಎಂಟನೇ ದಿನ ಮಗು ಹೋಯಿತು.

ಸೊಸೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಮಕ್ಕಳಿಲ್ಲದವಳ ಕಣ್ಣು, ಬೇಕೆಂದೇ ಬಾಗಿಲಲ್ಲಿಟ್ಟಳು. ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ತಾರಸಿಗೆ ಹೋದೆ. ಕಾದ ನೆಲ ಅಂಗಾಲು ಸುಟ್ಟಿದ್ದೂ ತಿಳಿಯಲಿಲ್ಲ. ಬಳ್ಳಿಯನ್ನು ಬುಡಸಮೇತ ಕಿತ್ತೆ. ಅದರಲ್ಲಿ ಇನ್ನೂ ನಾಲ್ಕು ಹೀಚಿದ್ದವು.

ಸಂಜೆ ಮಾಮಿ ಮನೆಮನೆಯ ಬಾಗಿಲು ಬಡಿದು ಕೇಳಿಕೊಂಡು ಬಂದರು. "ಯಾರು ಮಾ ಕಿತ್ತಿದ್ದು? ನೀವು ಪಾತ್ತೀಂಗಳಾ, ನೋಡಿದ್ರಾ?"

"ನಂಗೇನ್ ಗೊತ್ತು? ನಮ್ಮನೆ ಸಂಕಟವೇ ನಮಗೆ ಸಾಕಾಗಿದೆ" ಎಂದೆ.

ಮಾಮಿ ನನ್ನ ಕೈ ನೋಡಿದರು. ಅಂಗೈ ತುಂಬ ಹಸಿರು ಕಲೆ, ಬಳ್ಳಿಯ ಮುಳ್ಳುಸುಂಕಿನ ಗೀರು.  ಆಮೇಲೆ ಮೆಲ್ಲಗೆ, "ಎಣ್ಣೆ ಹಚ್ಕೊಳ್ಳಿ ಮಾ. ಎರಡು ದಿನ ಉರೀತದೆ" ಎಂದು ಮೆಟ್ಟಿಲು ಹತ್ತಿ ಹೋದರು.

ಅಲ್ಲಿಂದ ಅವರು ತಾರಸಿಗೆ ಬರಲಿಲ್ಲ. ಒಂದೊಂದೇ ಬಕೆಟ್ಟಿನ ಮಣ್ಣು ಬಿರಿಯಿತು. ಎಂಟು ಮನೆಯವರೂ ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲತೊಡಗಿದೆವು. ಮರುವರ್ಷ ಯಾರೋ ನಂಟರು ಬಂದು ಅವರನ್ನು ಕರೆದೊಯ್ದರು. ಆರು ತಿಂಗಳಿಗೆ ಹೋಗಿಬಿಟ್ಟರೆಂದು ಸುದ್ದಿ ಬಂತು...

ಈ ಸಲ ಬಸುರಾದಾಗ ಸ್ಕ್ಯಾನಿಂಗಿಗೆ ಸೊಸೆಯ ಜೊತೆ ನಾನೂ ಹೋಗಿದ್ದೆ. ಅಲ್ಲಿ ಕೂತಿದ್ದಾಗ ಅವಳಾಗಿಯೇ ಹೇಳಿದಳು: "ಹೋದ್ಸಲ ಮಗು ಬೆಳೀತಿಲ್ಲ ಅಂತ ಡಾಕ್ಟರು ಒಂದು ತಿಂಗಳು ಮುಂಚೇನೇ ಹೇಳಿದ್ರು ಅತ್ತೆ. ನೀವು ಹೆದರ್ಕೋತೀರ ಅಂತ ಹೇಳ್ಲಿಲ್ಲ."

ಒಂದು ತಿಂಗಳು ಮುಂಚೆ! ಆಗಿನ್ನೂ ಆ ಕಾಯಿ ಬಳ್ಳಿಯಲ್ಲೇ ಇತ್ತು. ಕ್ಷಮಿಸಿ ಅನ್ನಲು ಮಾಮಿ ಎಲ್ಲಿದ್ದಾರೆ? ಅಲ್ಲಿಂದ ಈ ಒಂಬತ್ತು ತಿಂಗಳು ತುಂಬುವವರೆಗೆ ಪ್ರತಿದಿನ ಹೆದರಿದೆ. ಇನ್ನೊಬ್ಬರ ಹೀಚು ಕಿತ್ತವಳ ಮನೆಗೆ ಕೂಸು ಬರುತ್ತದಾ ಎಂದು.

ಬಂತು. ಇವತ್ತು ಸಂಜೆ ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತೆವು. ಬಾಣಂತಿ ಗೋಡೆಗೊರಗಿ ಮೆಣಸಿನ ಸಾರು ಕಲೆಸುತ್ತಿದ್ದಳು, ಕೂಸು ತಾತನ ತೊಡೆಯ ಮೇಲೆ. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. "ಮಾಮಿ ಬಳ್ಳಿ ಕಿತ್ತಿದ್ದು ನಾನೇ ಕಣವ್ವ" ಅಂದುಬಿಟ್ಟೆ.

"ಇವತ್ತೇ ಹೇಳ್ಬೇಕಿತ್ತೇನೆ?" ಎಂದರು ಯಜಮಾನರು.

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು. "ಯಾರು ಕಿತ್ತಿದ್ದು ಅಂತ ಅವರು ಹೊರಡೋ ದಿನ ನಾನೂ ಕೇಳಿದ್ದೆ ಅತ್ತೆ. ಯಾರೂ ಕಿತ್ತಿಲ್ಲಮ್ಮಾ, ಗಾಳಿ ಜೋರಿತ್ತು ಅಂದ್ರು."

ನಾನು ಬಳ್ಳಿ ಕಿತ್ತ ಆ ಮಧ್ಯಾಹ್ನ ಮಾಂಬಲಂನಲ್ಲಿ ಒಂದು ಎಲೆಯೂ ಅಲ್ಲಾಡಿರಲಿಲ್ಲ.

 ಮಗ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟ. ಕಣ್ಣೊರೆಸಿಕೊಂಡು ಕಲೆಸಿದೆ. ಎಲ್ಲರೂ ಉಂಡೆವು.