ದರ್ಜಿಯ ಹೆಂಡತಿಯ ಹಳೆಯ ಇಂಗ್ಲಿಷ್

ದರ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾಲರ್, ಕಫ್, ಪಾಕೆಟ್‌ಗಳನ್ನು ಅವನು ಇಂಗ್ಲಿಷ್ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅವು ಹೊಲಿಗೆಯ ಮಾತು. ಇಂಗ್ಲಿಷ್ ಏನಿದ್ದರೂ ಹೆಂಡತಿಯದು, ಅದೂ ಅಂಥಿಂಥ ಇಂಗ್ಲಿಷ್ ಅಲ್ಲ. ಮದುವೆಗೆ ಮೊದಲು ಅವಳು ಕಣ್ಣು ಕಾಣದ ಒಬ್ಬ ಮುದಿ ಹೆಡ್‌ಮಿಸ್ಟ್ರೆಸ್ ಮನೆಯಲ್ಲಿ ಪುಸ್ತಕ ಓದಿ ಹೇಳುವ ಕೆಲಸಕ್ಕಿದ್ದಳು. ಆ ಮುದುಕಿಯ ಕಪಾಟಿನಲ್ಲಿದ್ದುದೆಲ್ಲ ಓಬೀರಾಯನ ಕಾಲದ ಪುಸ್ತಕಗಳು. ಹಾಗಾಗಿ ಇಂಗ್ಲಿಷರೇ ಮರೆತುಬಿಟ್ಟ ಪದಗಳು ಈ ದರ್ಜಿಯ ಅಡುಗೆಮನೆಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದವು. ಹಾಲು ಉಕ್ಕಿದರೆ ಅಯ್ಯೋ ಎನ್ನುವ ಬದಲು ‘ಅಲಾಸ್’ ಎನ್ನುತ್ತಿದ್ದಳು. ಕತ್ತರಿ ಎಲ್ಲಿ ಎಂದು ಕೇಳಿದರೆ, ಪೆಟ್ಟಿಗೆಗೂ ಗೋಡೆಗೂ ‘ಬಿಟ್ವಿಕ್ಸ್ಟ್’ ಎಂದು ಸಂದು ತೋರಿಸುತ್ತಿದ್ದಳು. ಗಂಡನ ಮೇಲೆ ಸಿಟ್ಟು ಬಂದರೆ ‘ನೇವ್’.

ಈ ನೇವ್ ಅನ್ನು ಅವನು ಬಹಳ ಕಾಲ ಮುದ್ದಿನ ಮಾತು ಎಂದುಕೊಂಡು ಬೀಗುತ್ತಿದ್ದ. ಪ್ಯಾಂಟಿನ ಅಳತೆ ಕೊಡಲು ಬಂದ ಮೇಷ್ಟ್ರೊಬ್ಬರು ಅದರರ್ಥ ಠಕ್ಕ, ಪೋಕರಿ ಎಂದು ಹೇಳಿದ ದಿನ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟಾದರೂ ಮಹಾನುಭಾವ ಅರ್ಥ ಕೇಳುವ ಅಭ್ಯಾಸ ಮಾಡಿಕೊಳ್ಳಲಿಲ್ಲ. ಅರ್ಥ ತಿಳಿದುಕೊಂಡು ನಾನೇನು ಅದಕ್ಕೆ ಗುಂಡಿ ಹಚ್ಚಬೇಕಾಗಿದೆಯೇ ಎನ್ನುತ್ತಿದ್ದ. ಗಂಡಂದಿರ ಸೋಮಾರಿತನಕ್ಕೆ ಇಂಥ ಜಾಣಮಾತು ಯಾವಾಗಲೂ ಕೈಗೆಟುಕುವಲ್ಲೇ ಇರುತ್ತದೆ.

ಒಂದು ದಿನ ಅವಳು ಬಚ್ಚಲಲ್ಲಿ ಕುಸಿದುಬಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು, ಮನೆಮಾತೇ ಹೋಗಿತ್ತು. ಬೇಕು, ಬೇಡ, ನೀರು, ಮಗಳ ಹೆಸರು, ಗಂಡನನ್ನು ಕರೆಯುತ್ತಿದ್ದ ‘ರೀ’, ಒಂದೂ ಉಳಿದಿರಲಿಲ್ಲ. ಮನೆಯವರು ಹೇಳಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಉಳಿದದ್ದು ಆ ಮುದುಕಿಯ ಮನೆಯ ಕೆಲವು ಪದಗಳು ಮಾತ್ರ. ಆಮೇಲೆ ಕಲಿತದ್ದು ಉಳಿದು ಹುಟ್ಟುಮಾತು ಹೋಗುವುದೂ ಅಪರೂಪಕ್ಕೆ ಉಂಟು, ಇನ್ನು ಅವರು ನಿಮ್ಮ ಮುಖ, ಕೈ ನೋಡಿಯೇ ತಿಳಿದುಕೊಳ್ಳಬೇಕು ಎಂದರು ಡಾಕ್ಟರು.

ದರ್ಜಿಗೆ ಬೇರೇನೂ ಬೇಕಿರಲಿಲ್ಲ. ತಾನು ಯಾರೆಂದು ಅವಳಿಗೆ ಗೊತ್ತಿದೆಯೇ, ತನ್ನಿಂದ ಏನಾದರೂ ಬೇಕೇ, ಅಷ್ಟನ್ನು ಅವಳು ಹೇಗಾದರೂ ಹೇಳಿದ್ದರೆ ಸಾಕಿತ್ತು.

ಶಾಲೆಗಳು ಶುರುವಾಗುವ ಕಾಲ. ಅಂಗಡಿಯಲ್ಲಿ ಯೂನಿಫಾರ್ಮ್ ಬಟ್ಟೆ ಆಳೆತ್ತರ ಬಿದ್ದಿತ್ತು. ಬೆಳಿಗ್ಗೆ ಅವನು ಅವಳ ಮುಖ ತೊಳೆಸಿ, ತಲೆ ಬಾಚಿ, ತುತ್ತು ತಿನ್ನಿಸಿ, ನೋಡಿಕೊಳ್ಳುವ ಹೆಂಗಸು ಬಂದ ಕೂಡಲೇ ಕೊರಳಿಗೆ ಟೇಪು ಹಾಕಿಕೊಂಡು ಏಳುತ್ತಿದ್ದ. ಅವನು ಎದ್ದನೆಂದರೆ ಅವಳು ಹೇಳುತ್ತಿದ್ದಳು, “ಟ್ಯಾರಿ.”

ಹೊರಟವನಿಗೆ ಹೇಳುವ ಮಾತು ಇನ್ನೇನಿರುತ್ತದೆ? ಟಾಟಾ ಇದ್ದ ಹಾಗೆ ಇದೂ ಒಂದು ಎಂದುಕೊಂಡ. ಬಾಗಿಲಲ್ಲಿ ನಿಂತು ಕೈ ಬೀಸಿ, ಟ್ಯಾರಿ, ಟ್ಯಾರಿ ಎನ್ನುತ್ತಿದ್ದ. ಅವಳು ಇನ್ನಷ್ಟು ಜೋರಾಗಿ ಹೇಳುತ್ತಿದ್ದಳು. ಅವನೂ ಅಷ್ಟೇ ಜೋರಾಗಿ ಹೇಳಿ ಮೆಟ್ಟಿಲಿಳಿಯುತ್ತಿದ್ದ. ಅವಳ ಕಣ್ಣಲ್ಲಿ ನೀರಿರುತ್ತಿದ್ದದ್ದು ನಿಜ. ಸ್ವಾಧೀನ ತಪ್ಪಿದ ಕಡೆಯ ಕಣ್ಣು ಸೋರುತ್ತದೆ ಎಂದು ಡಾಕ್ಟರೇ ಹೇಳಿದ್ದರಲ್ಲ. ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸಿನ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು, ತನ್ನ ಹೆಂಡತಿ ಹಾಸಿಗೆ ಹಿಡಿದರೂ ಗಂಡನನ್ನು ಬೀಳ್ಕೊಡುವುದು ಬಿಟ್ಟಿಲ್ಲ ಎಂದು.

ಆಮೇಲೆ ಒಂದು ಬೆಳಿಗ್ಗೆ ಅವಳು ಏನೂ ಹೇಳಲಿಲ್ಲ. ಅವನೇ ಟ್ಯಾರಿ ಎಂದ. ಅವಳು ಅವನನ್ನೇ ನೋಡಿ, ನಿಧಾನವಾಗಿ ಎಡಗೈ ಎತ್ತಿ ಬೀಸಿದಳು. ದರ್ಜಿ ಹಿಗ್ಗಿ ಹೀರೇಕಾಯಿಯಾದ. ಅಂಗಡಿಗೆ ಹೋದವನೇ ಬೇರೆ ಊರಿನಲ್ಲಿದ್ದ ಮಗಳಿಗೆ ಫೋನು ಮಾಡಿದ. ನಾನು ಹೊರಟಾಗ ಇಷ್ಟು ದಿನ ಟಾಟಾಕ್ಕೆ ಬರೀ ಟ್ಯಾರಿ ಅಂತಿದ್ದಳು, ಈಗ ಕೈ ಬೀಸುವಷ್ಟು ಗುಣವಾಗಿದ್ದಾಳೆ ಎಂದ.

“ಅಪ್ಪಾ, ಅದು ಟಾಟಾ ಅಲ್ಲ” ಎಂದಳು ಮಗಳು. “ಹೋಗ್ಬೇಡ, ಸ್ವಲ್ಪ ಹೊತ್ತು ಇಲ್ಲೇ ಇರು ಅಂತ ಅರ್ಥ. ನಾನು ಚಿಕ್ಕವಳಿದ್ದಾಗ ಆಟಕ್ಕೆ ಓಡೋಕೆ ಹೋದ್ರೆ ಅಮ್ಮ ಹಾಗೇ ಹೇಳಿ ಕೈ ಹಿಡ್ಕೊಳ್ತಿದ್ಳು.”

ಅವನು ಫೋನು ಕೈಯಲ್ಲಿ ಹಿಡಿದುಕೊಂಡೇ, ಕತ್ತರಿ ಹಾಕಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಅಂಗಡಿಯನ್ನು ಕಾಜಾದವಳಿಗೆ ಒಪ್ಪಿಸಿ ಮನೆಗೆ ಓಡಿದ. ತನ್ನನ್ನು ಗುರುತಿಸಿದ್ದಳು. ಬೇಕೆಂದಿದ್ದಳು. ದಿನಾ ಬೆಳಿಗ್ಗೆ ಬಾಯಿಬಿಟ್ಟು ಕೇಳಿದ್ದಳು, ತಾನು ನಗುನಗುತ್ತಾ ಅದನ್ನೇ ಹಿಂದಕ್ಕೆ ಎಸೆದು ಹೋಗಿದ್ದ.

ಅವಳು ಎಚ್ಚರವಾಗಿಯೇ ಇದ್ದಳು. ಅವನು ಕೊರಳ ಟೇಪು ತೆಗೆದಿಟ್ಟು, ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತ. ನಾನೆಲ್ಲೂ ಹೋಗಲ್ಲ ಎಂದರೆ ಅವಳಿಗೆ ತಿಳಿಯುವುದಿಲ್ಲ. ಅವಳಿಗೆ ತಿಳಿಯುವ ಮಾತು ಅವನಲ್ಲಿ ಒಂದೇ ಇತ್ತು. ಅವಳ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅರ್ಥ ತಿಳಿದು, ಮೆಲ್ಲಗೆ “ಟ್ಯಾರಿ” ಎಂದ.

ಅವಳು ಅವನ ಹಿಡಿತದಿಂದ ಕೈ ಬಿಡಿಸಿಕೊಂಡಳು. ಅದನ್ನು ಕಷ್ಟಪಟ್ಟು ಮೇಲೆತ್ತಿ, ಅವನು ದಿನಾ ಟ್ಯಾರಿ ಎಂದು ಕೈ ಬೀಸಿ ಕಲಿಸಿದ ಹಾಗೆಯೇ, ಹೋಗಿಬಾ ಎಂದು ಬೀಸಿದಳು. ಅವನು ಏಳಲಿಲ್ಲ. ಯಾಕಿನ್ನೂ ಹೋಗಲಿಲ್ಲ ಎಂಬಂತೆ ಅವಳು ಬಾಗಿಲು ನೋಡಿದಳು, ಅವನನ್ನು ನೋಡಿದಳು, ಮತ್ತೆ ಬೀಸಿದಳು.