ನಾಲ್ಕು ಹೊಲಿಗೆ ಹಾಕದೆ ಹೋದವರು

ಬೆಳಿಗ್ಗೆ ಮಾಳಿಗೆಯ ಮೇಲೆ, ಚಿಂದಿ ಕೂಡಿಸಿ ಹೊಲಿದ ಹಳೆಯ ಕೌದಿಯನ್ನು ಬಿಸಿಲಿಗೆ ಹರವುತ್ತಿದ್ದೆ. ಒಂದು ಮೂಲೆಯಲ್ಲಿ ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಮೂಸಿ ನೋಡಿದರೆ ಬೆಲ್ಲದ ವಾಸನೆ. ಒಬ್ಬಳೇ ನಿಂತು ನಕ್ಕೆ. ಪಕ್ಕದ ಮಾಳಿಗೆಯಲ್ಲಿ ಶಾವಿಗೆ ಒಣಹಾಕುತ್ತಿದ್ದವರು "ಯಾಕ್ರಿ, ಏನಾತು?" ಎಂದರು. ಮಾಳಿಗೆಯಿಂದ ಮಾಳಿಗೆಗೆ ಕೂಗಿ ಹೇಳಿ ಮುಗಿಸುವ ಮಾತಲ್ಲ ಅದು. ನೀವಾದರೆ ಕುಳಿತು ಕೇಳುತ್ತೀರಿ, ನಿಮಗೆ ಹೇಳುತ್ತೇನೆ.

ಮೊದಲೇ ಹೇಳಿಬಿಡಬೇಕು, ನನ್ನದು ಮೂರನೆಯ ಇಯತ್ತೆಗೆ ನಿಂತ ಓದು. ಬಸ್ಸಿನ ಬೋರ್ಡು ಓದಬಲ್ಲೆ, ಅದೂ ಬಸ್ಸು ನಿಂತಿದ್ದರೆ. ಇದನ್ನು ಬರೆಯುತ್ತಿರುವುದೂ ಒಂದೊಂದೇ ಅಕ್ಷರ ಕೂಡಿಸಿ. ಆದರೆ ಸೂಜಿ ಕೊಡಿ, ಆಗ ನೋಡಿ! ತವರೂರು ಕಟಕೋಳದಿಂದ ನಾನು ಬೈಲಹೊಂಗಲಕ್ಕೆ ತಂದದ್ದೆಂದರೆ ಕೌದಿ ಹೊಲಿಯುವ ಕೈ, ಅದರ ಜೊತೆಗೆ ಎರಡು ಕಟ್ಟಳೆ. ಕೌದಿ ಹಾಸಿ ಹೊಲಿಯುತ್ತಿರುವಾಗ ಮನೆಗೆ ಬಂದವಳು ನಾಲ್ಕು ಹೊಲಿಗೆ ಹಾಕದೆ ಹೊಸ್ತಿಲು ದಾಟುವಂತಿಲ್ಲ. ಹೆಪ್ಪಿಗೆ ಮೊಸರು ಕೇಳಲು ಬಂದವಳಾದರೂ ಸರಿ, ಜಗಳಕ್ಕೆ ಬಂದವಳಾದರೂ ಸರಿ. ಜಗಳಕ್ಕೆ ಬಂದವಳ ಹೊಲಿಗೆ ತುಸು ಉದ್ದ ಬೀಳುತ್ತದೆ, ಅಷ್ಟೆ. ಇನ್ನು ಎರಡನೆಯದು: ಕೊನೆಯ ಮೂಲೆಯನ್ನು ತೆರೆದಿಟ್ಟು, ಅದರೊಳಗೆ ಒಣರೊಟ್ಟಿಯ ಚೂರು, ಬೆಲ್ಲದ ಹರಳು ಇಟ್ಟು ಆಮೇಲೆ ಬಾಯಿ ಹೊಲಿಯಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು ನನ್ನವ್ವ ಹೇಳುತ್ತಿದ್ದಳು.

ಈ ಕೌದಿ ಹೊಲಿದದ್ದು ಮೊಮ್ಮಗಳು ಶೈಲಾಳಿಗೆ. ಆಗ ಅವಳು ಕಾಲೇಜಿನಲ್ಲಿದ್ದಳು. ಬಜಾರಿಗೆ ಸೈಬರ್ ಕೆಫೆ ಹೊಸದಾಗಿ ಬಂದಿತ್ತು. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು ಒಳಗೆ ಹೋದೆ. ಕೈ ಮುಗಿಯುವುದೊಂದು ಬಾಕಿ. ಪರದೆಯ ಮೇಲೆ ಯಾವುದೋ ದೇಶದವರು ಚಿಂದಿ ಬಟ್ಟೆ ಕೂಡಿಸಿ ಹೊಲಿದು ಬಿಳಿ ಗೋಡೆಗೆ ತೂಗುಹಾಕಿದ್ದರು. ಜನ ಕೈ ಕಟ್ಟಿ ನೋಡುತ್ತಿದ್ದರು.

"ಇದನ್ನ ಹೊಚಗೊಳ್ಳೂದಿಲ್ಲೇನ?"

"ಇಲ್ಲ ಆಯಿ, ಇದು ಈಗಿನ ಕಲಾ. ಬರೇ ನೋಡೂದು."

"ಪಾಪ, ಆ ಗ್ವಾಡಿಗೆ ಥಂಡಿ ಆಗಿತ್ತೇನೋ!"

ಕೆಫೆಯ ಬಸವರಾಜ ತನ್ನ ಕುರ್ಚಿಯಲ್ಲೇ ನಕ್ಕು ಕೆಮ್ಮಿದ. ಶೈಲಾ ನಗಲಿಲ್ಲ. ಅವಳಿಗೆ ಇಂಥದ್ದರ ಹುಚ್ಚು. ಕಂಡ ಹೊಸ ಚಿತ್ರ, ಹೊಸ ಶಿಲ್ಪಗಳ ಬಗ್ಗೆ ಬರೆದು ನಾಲ್ಕು ಜನಕ್ಕೆ ತೋರಿಸಲು ತನ್ನದೇ ಒಂದು ಪುಟ ಮಾಡಿದ್ದಳು, ಬ್ಲಾಗ್ ಅಂತೆ. ಅದರಲ್ಲಿ ಮುನವಳ್ಳಿ ರಸ್ತೆಯಲ್ಲಿ ಕಂಡ ಟ್ರ್ಯಾಕ್ಟರ್ ಟ್ರೇಲರಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ನವಿಲೂ ಇತ್ತು. ಅದರ ಕೆಳಗೆ, ದೇವರಾಣೆ, ನನ್ನ ಕೌದಿ! ಒಂದು ಮೂಲೆ ಇನ್ನೂ ತೆರೆದದ್ದು, ಪಕ್ಕದಲ್ಲಿ ನನ್ನ ಕಾಲಿನ ಹೆಬ್ಬೆರಳು. ಹಿಗ್ಗಿ ಕುರ್ಚಿಯಿಂದ ಬೀಳುವುದರಲ್ಲಿದ್ದೆ.

ಪುಟದ ಬುಡದಲ್ಲಿ ಒಂದು ಅಂಕಿ ಇತ್ತು. ಎಷ್ಟು ಸಲ ಪುಟ ತೆರೆದರೆಂದು ಅದು ಹೇಳುತ್ತದಂತೆ. ಬಂದವರು ಕೆಳಗೆ ಮಾತು ಬರೆಯಲೂಬಹುದಂತೆ.

"ಯಾರ್‍ಯಾರು ಬರದಾರ?"

"ಯಾರೂ ಇಲ್ಲ. ಹನ್ನೊಂದು ಮಂದಿ ಬಂದು ಹಂಗ ಹೋಗ್ಯಾರ." ಅವಳ ದನಿ ಸಣ್ಣದಾಯಿತು. "ಪರೀಕ್ಷಾ ಮುಗಿಯೂದ್ರಾಗ ಒಬ್ರರ ಬರೀಲಿಲ್ಲಂದ್ರ ಬಂದ್ ಮಾಡಿಬಿಡತೇನಿ ಆಯಿ. ನನಗೊಬ್ಬಾಕಿಗೆ ಯಾಕ ಇದು?"

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು, ಹಾಸಿದ ಕೌದಿ ನೋಡಿ, ನಾಲ್ಕು ಹೊಲಿಗೆ ಹಾಕದೆ ಎದ್ದು ಹೋಗುವ ಇವರೆಂಥ ಮಂದಿ?

ಮರುದಿನವೇ ಗೆಳತಿ ಹುಸೇನಬಿಯನ್ನು ಕರೆದುಕೊಂಡು ಕೆಫೆಗೆ ಹೊರಟೆ. ಅವಳು ಓಣಿಯ ದರ್ಜಿ. ಕೌದಿಗೆ ಚಿಂದಿ ಕೊಟ್ಟವಳೂ ಅವಳೇ. "ಯಕ್ಕಾ, ಅಲ್ಲಿ ಹೋಗಿ ಏನ ಮಾಡೂದು?" ಎಂದಳು. "ಬಂದೇವಂತ ತೋರಸೂದು" ಎಂದೆ. ಬಸವರಾಜ ಪುಟ ತೆಗೆದುಕೊಟ್ಟ. ಬರೆಯೋಣವೆಂದರೆ ಗುಂಡಿಗಳ ಮೇಲೆಲ್ಲ ಇಂಗ್ಲಿಷು. ನೋಡಿದೆವು, ಬಂದೆವು. ಅದರ ಮರುದಿನ ಹಾಲಿನ ನೀಲವ್ವ, ಆಮೇಲೆ ಅವಳ ಸೊಸೆ, ಸೊಸೆಯ ತಂಗಿ. ಓಣಿಯ ಹೆಂಗಸರನ್ನೆಲ್ಲ ಪಾಳಿಯ ಮೇಲೆ ಕರೆದೊಯ್ದೆ. ಹುಸೇನಬಿಯಂತೂ ಏಳು ಸಲ ಬಂದಳು.

"ಆಯಿ, ಮೂವತ್ತೇಳು!" ಎಂದು ಶೈಲಾ ಕುಣಿಯುತ್ತ ಬಂದಳು. "ಯಾವ್ಯಾವ ದೇಶದಾವರೋ ಏನೋ!"

ನಾನು ಹುಸೇನಬಿಯ ಮುಖ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸತೊಡಗಿದಳು, ಅದಾಗಲೇ ಪೋಣಿಸಿದ ಸೂಜಿಗೆ.

ಒಂದು ವಾರ ಮೊಮ್ಮಗಳ ಕಾಲು ನೆಲದ ಮೇಲಿರಲಿಲ್ಲ. ನಾನು ಮಾತ್ರ ಅವಳ ಕಣ್ಣು ತಪ್ಪಿಸಿ ತಿರುಗುತ್ತಿದ್ದೆ. ಕೊನೆಗೆ ಬಸವರಾಜನೇ ಬಾಯಿ ಬಿಟ್ಟನಂತೆ: "ಏನವಾ, ನಿಮ್ಮ ಆಯಿ ಇವತ್ತ ಇನ್ನೂ ಬಂದಿಲ್ಲಲ್ಲ?"

ಶೈಲಾ ಮನೆಗೆ ಬಂದು ಕೌದಿಯ ಅಂಚಿನಲ್ಲಿ ಕುಳಿತಳು. "ನೀ ಹೋಗಿದ್ದಕ್ಕ ಸಿಟ್ಟಿಲ್ಲ ಆಯಿ. ಇಷ್ಟೊಂದು ಖುಷಿ ಪಟ್ನೆಲ್ಲ, ಅದಕ್ಕ ನಾಚಿಕಿ ಆಗೇತಿ. ನಾಳೆ ಬಂದ್ ಮಾಡತೇನಿ."

ನಾನು ಹೊಲಿದದ್ದನ್ನು ಬಿಚ್ಚಬಲ್ಲೆ. ಇದನ್ನು ಹೇಗೆ ಬಿಚ್ಚುವುದು? "ತಪ್ಪಾತು ನನ್ನವ್ವಾ" ಎಂದೆ. "ಖರೇ, ಈ ಮೂಲಿ ಇನ್ನೂ ಹೊಲದಿಲ್ಲ ನೋಡು. ಇದನ್ನ ಹೊಲಿಯೂತನಕಾ ತಡಿ."

ತಡೆದಳು. ನಾನೂ ಆ ಮೂಲೆಗೆ ಸೂಜಿ ತಾಗಿಸಲಿಲ್ಲ. ಒಂದು ದಿನ ಬೆನ್ನು ನೋವು, ಒಂದು ದಿನ ಕಣ್ಣು ಮಂಜು, ಒಂದು ದಿನ ಸೂಜಿಯೇ ಸಿಗಲಿಲ್ಲ, ಅದು ನನ್ನ ಕುಪ್ಪಸದಲ್ಲೇ ಚುಚ್ಚಿಕೊಂಡಿದ್ದರೂ. ಕೆಫೆಯ ಕಡೆ ಮಾತ್ರ ತಲೆ ಹಾಕಲಿಲ್ಲ.

ಕೊನೆಯ ಪರೀಕ್ಷೆಯ ದಿನ ಶೈಲಾ ಓಣಿಯ ತುದಿಯಿಂದಲೇ ಕೂಗುತ್ತ ಓಡಿ ಬಂದಳು. "ಆಯಿ, ಬರದಾರ! ಯಾರೋ ಬರದಾರ!"

ಯಾವುದೋ ಸಮುದ್ರದಾಚೆಯ ಹೆಣ್ಣುಮಗಳಂತೆ. ಹೆಸರು ನನ್ನ ನಾಲಿಗೆಗೆ ಈಗಲೂ ಹತ್ತುವುದಿಲ್ಲ. ಕೌದಿ ಚಂದ ಇದೆ, ಆದರೆ ಆ ಒಂದು ಮೂಲೆ ತೆರೆದೇ ಇದೆಯಲ್ಲ, ಮರೆತಿರಾ ಎಂದು ಕೇಳಿದ್ದಳು. ನೋಡಿ, ಎಷ್ಟು ದೂರದಿಂದ ಬಂದು ಮೂಲೆಯನ್ನೇ ಹಿಡಿದಳು!

"ಏನಂತ ಬರೀಲಿ ಆಯಿ?"

"ಮರತಿಲ್ಲ ನನ್ನವ್ವಾ, ನೀ ಬರ್ಲಿ ಅಂತ ಕಾದಿದ್ವಿ, ಅಂತ ಬರಿ."

ಹುಸೇನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರದೂ ಅದೇ ಗತಿ. ರೊಟ್ಟಿ ಚೂರು, ಬೆಲ್ಲ ಇಟ್ಟೆ. ಆ ಪರದೇಶದ ಹೆಣ್ಣುಮಗಳ ಹೆಸರಿನಲ್ಲಿ ಶೈಲಾ ಕೆಂಪು ದಾರದಿಂದ ನಾಲ್ಕು ಹೊಲಿಗೆ ಹಾಕಿದಳು. ಪುಟ ಮುಚ್ಚಲಿಲ್ಲ, ಮೂಲೆ ಮುಚ್ಚಿತು.

ಅದಕ್ಕೇ ಈ ಕೌದಿಯನ್ನು ಇಂದಿಗೂ ನೀರಿಗೆ ಹಾಕಿಲ್ಲ, ಬಿಸಿಲಷ್ಟೆ. ರೊಟ್ಟಿ ಎಂದೋ ಪುಡಿಯಾಗಿರಬೇಕು, ಬೆಲ್ಲ ಕಲ್ಲಾಗಿದೆ. ಇರುವೆಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಇಷ್ಟು ನೆನೆಯುವಷ್ಟರಲ್ಲಿ ಶೈಲಾ ಫೋನು ಹಿಡಿದು ಮಾಳಿಗೆಗೆ ಬಂದಳು. ಈಗ ಸವದತ್ತಿಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ, ರಜೆಗೆ ಬಂದಿದ್ದಾಳೆ. ಯಾರೋ ಗುರುತಿಲ್ಲದ ಹುಡುಗಿ ಬರೆದ ಚಿತ್ರ ತೋರಿಸಿದಳು. ನೀಲಿ ಬಿಟ್ಟರೆ ನನಗೇನೂ ತಿಳಿಯಲಿಲ್ಲ. ಆದರೆ ಅದರ ಕೆಳಗಿನ ಜಾಗ ಖಾಲಿ ಇದ್ದದ್ದು ಕಂಡಿತು.

"ಯಾರೂ ಏನೂ ಬರದಿಲ್ಲೇನ?"

"ಈಗಷ್ಟ ಹಾಕ್ಯಾಳ ಆಯಿ."

"ಕೊಡ ಇಲ್ಲಿ."

ಈಗ ಗುಂಡಿಗಳ ಮೇಲೆ ನನ್ನ ಅಕ್ಷರಗಳೂ ಇವೆ. ಒಂದೇ ಬೆರಳಿನಿಂದ ಒತ್ತಿದೆ: ಚೊಲೊ ಐತಿ ಮಗಳ. ನಾಲ್ಕು ಹೊಲಿಗೆ ಹಾಕುವಷ್ಟು ಹೊತ್ತು ಹಿಡಿಯಿತು. ಶೈಲಾ ಅವಸರ ಮಾಡಲಿಲ್ಲ. ಬಿಸಿಲು ಕುಡಿದು ಬೆಚ್ಚಗಾದ ಕೌದಿಯ ಮೇಲೆ ಕುಳಿತು ಕಾದಳು.