ಯೂಸುಫನ ಓಕ್ ಗಿಡಕ್ಕೆ ಚಳಿಗಾಲ

ಯೂಸುಫ್ ಹಿಡಿದ ಮೊಲಕ್ಕೆ ಮೂರೇ ಕಾಲು. ಇದು ಅವನ ಹೆಂಡತಿ ಸಾಲಿಹಾಗೆ ಗೊತ್ತು, ದೋಹಾದ ಅವರ ಬಿಲ್ಡಿಂಗಿನ ವಾಚ್‌ಮನ್‌ಗೂ ಗೊತ್ತು.

ಹಮದ್ ಬಂದರಿನಲ್ಲಿ ಸರಕು ಬಿಡಿಸುವ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಯಾವುದೋ ಹೋಟೆಲಿನ ತೋಟಕ್ಕೆ ಹಾಲೆಂಡಿನಿಂದ ಬಂದ ಗಿಡಗಳಲ್ಲಿ ಒಂದು ಓಕ್ ಸಸಿಯ ಕೊಂಬೆ ಮುರಿದಿತ್ತು. ತೋಟದವರು ಬೇಡವೆಂದರು, ಇವನು ಕೇಳಿ ಮನೆಗೆ ತಂದ. ಚಳಿ ಬಿದ್ದರೆ ಅದರ ಎಲೆಗಳು ಮದರಂಗಿ ಹಚ್ಚಿದ ಅಂಗೈಯ ಹಾಗೆ ಕೆಂಪಾಗುತ್ತವಂತೆ.

ಈ ಹುಚ್ಚಿಗೆ ಕಾರಣ ಸಾಲಿಹಾಳ ತಂಗಿ ಹಬೀಬಾ. ಕೆನಡಾದಲ್ಲಿರುವ ಅವಳು ವರ್ಷವರ್ಷವೂ ಕೆಂಪು ಮರಗಳ ಫೋಟೋ ಕಳಿಸುತ್ತಾಳೆ. "ನಮಗೆ ಎರಡೇ ಕಾಲ. ಒಂದು ಸೆಕೆ, ಇನ್ನೊಂದು ಏಸಿ" ಎಂದು ಸಾಲಿಹಾ ಒಮ್ಮೆ ನಕ್ಕಿದ್ದಳು. ಯೂಸುಫನಿಗೆ ನಗು ಬರಲಿಲ್ಲ. ಚಳಿದೇಶ ತೋರಿಸುತ್ತೇನೆಂದು ಮದುವೆಯ ಹೊಸತರಲ್ಲಿ ಹೇಳಿದ ಮಾತು ಅವನಿಗೆ ಚುಚ್ಚುತ್ತಿತ್ತು. ಪ್ರತಿ ರಜೆಯೂ ಊರಿನ ಯಾರದೋ ಮದುವೆಗೆ ಮುಗಿಯುತ್ತಿತ್ತು. ಅವಳಿಗೆ ಒಂದಾದರೂ ಕೆಂಪೆಲೆ ತೋರಿಸಲೇಬೇಕೆಂದು ಹಟ ತೊಟ್ಟ.

ನವೆಂಬರ್ ಬಂತು, ಚಳಿ ಬರಲಿಲ್ಲ. ಗಿಡ ಮಲಗುವ ಕೋಣೆಯ ಕಿಟಕಿಯ ಬಳಿಗೆ ಬಂತು. ಏಸಿ ಹದಿನಾರಕ್ಕಿಳಿಯಿತು. ಗಿಡಕ್ಕೆ ಚಳಿದೇಶದ ಹಾಗೆ ಇರುಳು ಉದ್ದವಾಗಬೇಕೆಂದು ಸೂರ್ಯ ಮುಳುಗುತ್ತಲೇ ಲೈಟೂ ಬಂದ್. ಸಾಲಿಹಾ ಗಂಡನ ಜಾಕೆಟ್ ತೊಟ್ಟು ಮಲಗತೊಡಗಿದಳು.

"ನಿಮ್ಮ ಮರಕ್ಕಿಂತ ಮೊದಲು ನನ್ನ ಮೂಗು ಕೆಂಪಾಗ್ತದೆ, ನೋಡಿ."

"ಸ್ವಲ್ಪ ತಡ್ಕೊ ಮಾರಾಯ್ತಿ."

ಆದರೆ ಅವಳಿಗೆ ಕೆಮ್ಮು ಹತ್ತಿದಾಗ ಯೂಸುಫನ ಹಟ ಕರಗಿತು. ಯಾರಿಗಾಗಿ ಈ ಕೆಂಪೆಲೆ ಎಂದು ತನ್ನನ್ನೇ ಬೈದುಕೊಂಡ. "ಖಲಾಸ್" ಎಂದವನೇ ಬೆಳಿಗ್ಗೆ ಗಿಡವನ್ನು ಬಾಲ್ಕನಿಗೆ ಎಳೆದಿಟ್ಟು, ಏಸಿ ಆರಿಸಿ, ಮುಖ ಸಣ್ಣಗೆ ಮಾಡಿಕೊಂಡು ಬಂದರಿಗೆ ಹೋದ.

ಸಂಜೆ ಬಂದು ನೋಡಿದರೆ ಬಾಲ್ಕನಿ ಖಾಲಿ. ಕೋಣೆಯ ಬಾಗಿಲು ತೆರೆದ, ಚಳಿ ಮುಖಕ್ಕೆ ಹೊಡೆಯಿತು. ಕತ್ತಲಲ್ಲಿ ಗಿಡದ ಪಕ್ಕ ಜಾಕೆಟ್ ತೊಟ್ಟು ಸಾಲಿಹಾ ಕೂತಿದ್ದಳು.

"ಲೈಟ್ ಹಾಕ್ಬೇಡಿ. ಅದು ಮಲಗಿದೆ."

"ನಿನಗೆ ಕೆಮ್ಮು ಉಂಟಲ್ಲ?"

"ಕೆಮ್ಮಿಗೆ ಮದ್ದುಂಟು. ನೀರು ಹಾಕ್ಲಿಕ್ಕೆ ಹೋದಾಗ ಕಂಡಿತು, ಇಲ್ಲಿ ನೋಡಿ."

ಅವಳು ಮೊಬೈಲಿನ ಬೆಳಕು ಹಿಡಿದಳು. ಕೆಳಗಿನ ಒಂದು ಎಲೆಯ ಅಂಚು ಕೆಂಪಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು, ಹಬೀಬಾಗೆ ಕಳಿಸಲು ಫೋಟೋ ತೆಗೆಯಿರಿ ಎಂದಳು. ಯೂಸುಫನ ಕಣ್ಣು ತುಂಬಿ ಬಂತು.

ಎಲೆಗಿಂತ ಅವಳ ಮೂಗೇ ಹೆಚ್ಚು ಕೆಂಪಗಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡನೇನಲ್ಲ ಯೂಸುಫ್.